ಗಿರಣಿಯ ಸದ್ದು, ಗಿಟಾರಿನ ಸದ್ದು

ಕಾಲೇಜು ಹುಡುಗರು ತಯಾರಿಸುವ ರಾಕ್ ಸಂಗೀತದ ವಿಡಿಯೋಗಳೆಲ್ಲ ಪಾಶ್ಚಾತ್ಯರ ಎಂಜಲು, ಅವುಗಳಲ್ಲಿ ಸ್ವಂತದ್ದೆಂಬುದು ಎಳ್ಳಷ್ಟೂ ಇಲ್ಲ ಎಂಬ ತೀರ್ಪನ್ನು ರಾಣೆಬೆನ್ನೂರಿನ ಒಂದು ಸಭೆಯಲ್ಲಿ ಹಿರಿಯರೊಬ್ಬರು ಸಾರಿದಾಗ, ಒಂದೇ ಒಂದು ವಿಡಿಯೋವನ್ನೂ ಪೂರ್ತಿ ನೋಡಿರದವರೆಲ್ಲ ಕೈ ನೋಯುವಂತೆ ಚಪ್ಪಾಳೆ ತಟ್ಟಿದರು. ಕುಪ್ಪೇಲೂರಿಗೆ ಮರಳುವ ಬಸ್ಸಿನಲ್ಲಿ ನನ್ನನ್ನು ಕುಟುಕುತ್ತಿದ್ದುದು ಆ ತೀರ್ಪಿಗಿಂತ ಹೆಚ್ಚಾಗಿ ಆ ಚಪ್ಪಾಳೆ. ನಮ್ಮ ಜಿಲ್ಲೆಯಲ್ಲಿ ರಾಕ್ ಎಂದೊಡನೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನ ಸಿಮೆಂಟಿನ ಎತ್ತುಗಳು ನೆನಪಾಗುವುದೇ ಹೆಚ್ಚು. ಆದುದರಿಂದ ಈ ವಿಷಯದಲ್ಲಿ ನನ್ನ ಅಧಿಕಾರವೂ ಅಷ್ಟಕ್ಕಷ್ಟೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆರೋಪವಾದರೂ ಏನು? ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ, ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಬದಲಾಗುವ ದೃಶ್ಯ, ತಂತಿಯ ಮೇಲೆ ಓಡಾಡುವ ಬೆರಳುಗಳು, ಬೆನ್ನ ಹಿಂದಣ ಬೆಳಕು, ಹೊಗೆ, ಪಾಳುಬಿದ್ದ ಕಟ್ಟಡ, ನಡುನಡುವೆ ಮನೆ ಬಿಟ್ಟು ಹೊರಟ ಹುಡುಗನ ತುಂಡುಗಥೆ: ಇವೆಲ್ಲ ಎಲ್ಲರಲ್ಲಿಯೂ ಒಂದೇ ಬಗೆಯಾಗಿವೆ ಎಂಬುದು. ಇರಲಿ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕೆಂದು ವಿಧಿಸಿದ ಲಾಕ್ಷಣಿಕರನ್ನು ತಲೆಯ ಮೇಲೆ ಹೊತ್ತು ಮೆರೆಸುವ ನಾವು, ಭುಜಕೀರ್ತಿ ಕಿರೀಟಗಳಿಲ್ಲದೆ, ಹೆಸರು ಕೇಳುವ ಸಾರಥಿಯಿಲ್ಲದೆ ದೊಡ್ಡಾಟವನ್ನು ಕಲ್ಪಿಸಿಕೊಳ್ಳಲಾರದ ನಾವು, ಹೊಗೆಯಿಲ್ಲದ ರಾಕ್ ವಿಡಿಯೋವನ್ನು ಆ ಹುಡುಗರಿಂದ ಬೇಡುವುದು ಯಾವ ನ್ಯಾಯ? ಸಂಪ್ರದಾಯವು ಕಲಿಯುವವನಿಗೆ ಊರುಗೋಲು. ನಡೆಯಲು ಬಂದವನಿಗೆ ಅದೇ ಗತ್ತಿನ ಕೋಲು.

ಈ ಲಕ್ಷಣಗಳೇನೂ ಅನಾದಿಯಲ್ಲ. ಕ್ವೀನ್ ತಂಡವು 1975ರಲ್ಲಿ ತನ್ನ ಹಾಡಿಗೊಂದು ಚಿತ್ರ ತೆಗೆಸಿತು. 1981ರ ಆಗಸ್ಟಿನಲ್ಲಿ ಎಂಟಿವಿ ಆರಂಭವಾಯಿತು. 1991ರಲ್ಲಿ ನಿರ್ವಾಣ ತಂಡವು ಶಾಲೆಯ ವ್ಯಾಯಾಮಶಾಲೆಯಂಥ ಅಂಕಣದಲ್ಲಿ ಹೊಗೆ ಎಬ್ಬಿಸಿ ಹಾಡಿತು. ಅಷ್ಟರಲ್ಲಿ ಶಾಸ್ತ್ರ ಸಿದ್ಧವಾಗಿತ್ತು. ಅಷ್ಟು ಸಾಕು.

ನನ್ನ ಪಕ್ಷಪಾತ ರಘು ದೀಕ್ಷಿತರ ಕಡೆಗೆ. ಅದನ್ನು ಮುಚ್ಚಿಡುವ ಇಚ್ಛೆಯೂ ನನಗಿಲ್ಲ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಭರತನಾಟ್ಯ ಕಲಿತ ಈ ತರುಣ ಗೆಳೆಯನೊಡ್ಡಿದ ಸವಾಲಿಗಾಗಿ ಗಿಟಾರು ಹಿಡಿದನಂತೆ. 2008ರ ಅವರ ಮೊದಲ ಧ್ವನಿಸಂಪುಟದಲ್ಲಿ ನಮ್ಮ ಶಿಗ್ಗಾಂವಿ ಸೀಮೆಯ ಷರೀಫ ಸಾಹೇಬರ ಪದಗಳು ಗಿಟಾರಿನ ಗತ್ತಿನಲ್ಲಿ ಬಂದಾಗ, ‘ಷರೀಫರನ್ನು ಕೆಡಿಸಿದರು’ ಎಂಬ ಹುಯಿಲೆದ್ದಿತು. ಕೆಡಿಸುವುದಕ್ಕೆ ಮುಂಚೆ ಕೆಡದೆ ಇದ್ದುದು ಯಾವುದು? ಹುಯಿಲಿಟ್ಟವರ ಕಿವಿಯಲ್ಲಿದ್ದುದು ಏಕತಾರಿ ದಮ್ಮಡಿಗಳ ಭಜನೆಯಲ್ಲ, ಸಿ. ಅಶ್ವತ್ಥರ ಕಂಠ ಮತ್ತು 1990ರಲ್ಲಿ ನಾಗಾಭರಣರು ತೆಗೆದ ಚಿತ್ರ. ಅಶ್ವತ್ಥರು ದೊಡ್ಡವರು, ಸಂದೇಹವಿಲ್ಲ. ಆದರೆ ಅವರದೂ ವಾದ್ಯವೃಂದದ ಷರೀಫರೇ. ಕೇಳಿ ಬೆಳೆದುದೆಲ್ಲ ಸನಾತನ, ಆಮೇಲೆ ಬಂದುದೆಲ್ಲ ಅಪಚಾರ ಎಂಬ ಈ ಲೆಕ್ಕದಲ್ಲಿ ರಸಜ್ಞತೆಗಿಂತ ವಯಸ್ಸಿನ ಪಾಲೇ ದೊಡ್ಡದು. ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಮೈಕಿನ ಮುಂದೆ ಕುಣಿವ ದೀಕ್ಷಿತರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ದೊಡ್ಡಾಟದ ರಂಗಪ್ರವೇಶ. ಷರೀಫ ಸಾಹೇಬರಾದರೂ (1819–1889) ತಮ್ಮ ಕಾಲಕ್ಕೆ ಹೊಸತಾಗಿದ್ದ ಗಿರಣಿಯನ್ನು ಕಂಡು ಮೂಗು ಮುರಿಯದೆ ಅದನ್ನೇ ತತ್ತ್ವಪದವಾಗಿಸಿದವರು. ಗುಡುಗುಡಿಯಲ್ಲಿ ತತ್ತ್ವ ಕಂಡ ಆ ಕಣ್ಣಿಗೆ ಗಿಟಾರು ಮೈಲಿಗೆಯಾಗುತ್ತಿತ್ತೆಂದು ನಾನು ನಂಬಲಾರೆ.

ವಾಸ್ತವವಾಗಿ ಈ ಜಗಳ ಗಿಟಾರಿನದೇ ಅಲ್ಲ. ಬಾಲುಸ್ವಾಮಿ ದೀಕ್ಷಿತರು (ಅವರೂ ದೀಕ್ಷಿತರೇ!) ಕೈಗೆತ್ತಿಕೊಂಡ ಯುರೋಪಿನ ಪಿಟೀಲು ಇಂದು ಕರ್ನಾಟಕ ಸಂಗೀತದ ಕುಲವಧು. ಭಜನೆಯ ಮನೆಗಳಲ್ಲೆಲ್ಲ ಕುಳಿತಿರುವ ಹಾರ್ಮೋನಿಯಮ್ಮನ್ನು ಆಕಾಶವಾಣಿಯು ಪರದೇಶಿಯೆಂದು 1940ರಲ್ಲಿ ಹೊರಗಟ್ಟಿ, 1971ರವರೆಗೆ ಬಾಗಿಲು ಹಾಕಿತ್ತು. ಹೊರಗಿನಿಂದ ಬಂದ ವಾದ್ಯ ಮುದುಕಾದ ಮೇಲೆಯೇ ಅದಕ್ಕೆ ಪೌರತ್ವ ಕೊಡುವ ಅಭಿರುಚಿಯ ಅಧಿಕಾರಿಗಳು ಧಾರವಾಡದಲ್ಲಿಯೂ ಉಂಟು, ಬೆಂಗಳೂರಿನಲ್ಲಿಯೂ ಉಂಟು; ಹಳ್ಳಿಯ ಹುಡುಗ ಗಿಟಾರು ಹಿಡಿದರೆ ಇವರಿಗೆ ಸಂಸ್ಕೃತಿಯ ಚಿಂತೆ, ನಗರದವನು ಏಕತಾರಿ ಹಿಡಿದರೆ ಆನಂದಬಾಷ್ಪ.

ಹುಡುಗರಲ್ಲಿ ದೋಷವಿಲ್ಲದಿಲ್ಲ. ಆದರೆ ಅದು ಸಭೆಯ ಹಿರಿಯರು ಹೇಳಿದ ದೋಷವಲ್ಲ, ಅದಕ್ಕೆ ತದ್ವಿರುದ್ಧವಾದುದು. ರಾಕ್ ವಿಡಿಯೋದ ನೇಮಗಳನ್ನು ಇವರು ಕೂದಲೆಳೆಯಷ್ಟೂ ತಪ್ಪದೆ ಪಾಲಿಸುತ್ತಾರೆ. ಷರೀಫರ ಪದವನ್ನು ಹಾಡಹೊರಟಾಗ ತತ್ತ್ವಪದದ ನೇಮವನ್ನು ಮಾತ್ರ ಮರೆಯುತ್ತಾರೆ. ನಾಲ್ಕು ನಿಮಿಷದ ಅಳತೆಗೆ ಹೊಂದಿಸಲು, ಗಿಟಾರಿನ ಒಂಟಿವಾದನಕ್ಕೆ ಎಡೆ ಮಾಡಲು, ಕಡೆಯ ನುಡಿಯನ್ನೇ ಕತ್ತರಿಸಿಬಿಡುತ್ತಾರೆ. ಶಿಶುನಾಳಾಧೀಶನ ಅಂಕಿತವಿರುವುದು ಆ ನುಡಿಯಲ್ಲಿ. ಹೊಗೆ ಇರಲಿ, ಲುಂಗಿ ಇರಲಿ, ಪಾಳು ಕಟ್ಟಡವೂ ಇರಲಿ. ಮಕ್ಕಳೇ, ಕಡೆಯ ನುಡಿಯನ್ನು ಮಾತ್ರ ಬಿಡಬೇಡಿರಿ.