ಪ್ರಶ್ನೆಯಿಂದ ಬೆಳೆದ ಗ್ರಂಥ

ಶೂನ್ಯಸಂಪಾದನೆಯನ್ನು ಪಾಠಶಾಲೆಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ಓದಿಸುತ್ತ ಬಂದಿದ್ದೇವೆ. ಓದಿಸುವ ಕ್ರಮ ಮಾತ್ರ ಬಹುಮಟ್ಟಿಗೆ ಒಂದೇ: ವಚನಕ್ಕೆ ಅನ್ವಯ, ಪದಕ್ಕೆ ಅರ್ಥ, ಪರೀಕ್ಷೆಗೆ ಟಿಪ್ಪಣಿ. ಆದಿಯಿಂದ ಅಂತ್ಯದವರೆಗೆ ಸಂವಾದವೇ ಆಗಿರುವ ಗ್ರಂಥವನ್ನು ಸಂವಾದವಿಲ್ಲದೆ ಕಲಿಸುವುದು ಎಷ್ಟರಮಟ್ಟಿಗೆ ಸರಿ?

ಈ ಗ್ರಂಥದಲ್ಲಿ ಕೇಳದೆ ಒಪ್ಪಿದವರು ವಿರಳ. ಸಹೋದರ ಅಜಗಣ್ಣನ ಅಗಲಿಕೆಯಿಂದ ನೊಂದ ಮುಕ್ತಾಯಕ್ಕನು ತನ್ನನ್ನು ತಿಳಿಹೇಳಲು ಬಂದ ಅಲ್ಲಮಪ್ರಭುದೇವರ ಮಾತನ್ನೇ ಶಂಕಿಸುತ್ತಾಳೆ. ನಿಜವನರಿತವರಿಗೆ ಇಷ್ಟು ಮಾತೇಕೆಂಬುದು ಅವಳ ಆಕ್ಷೇಪದ ಸಾರ. ಪ್ರಭುದೇವರು ಅದನ್ನು ಉದ್ಧಟತನವೆಂದು ತಳ್ಳಿಹಾಕದೆ ಉತ್ತರ ಕೊಡುತ್ತಾರೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಕೇಳುವವರು ಪ್ರಭುದೇವರೇ: ದೇಹದ ಹಂಗು ಹರಿದಿದ್ದರೆ ಕೂದಲಿನ ಮರೆಯೇಕೆ? ಅಲ್ಲಿ ಪರೀಕ್ಷೆ ಅಗೌರವವಲ್ಲ. ಗೌರವದ ದಾರಿಯೇ ಅದು.

ಇದಕ್ಕಿಂತ ಗಹನವಾದ ಸಂಗತಿ ಗ್ರಂಥದ ಚರಿತ್ರೆಯಲ್ಲಿದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಮೊದಲ ಶೂನ್ಯಸಂಪಾದನೆಯಲ್ಲಿ ಸಿದ್ಧರಾಮೇಶ್ವರರಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗವಿಲ್ಲ. ಹಲಗೆಯಾರ್ಯರಿಗೆ ಇದು ಒಪ್ಪಿಗೆಯಾಗಲಿಲ್ಲ. ತಮ್ಮ ಪರಿಷ್ಕರಣದಲ್ಲಿ ಆ ಪ್ರಸಂಗವನ್ನು ಸೇರಿಸಿದರು. ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಗೂಳೂರ ಸಿದ್ಧವೀರಣ್ಣೊಡೆಯರೂ ಅದನ್ನು ಉಳಿಸಿಕೊಂಡರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಗೂಳೂರರ ಪಾಠವನ್ನು. ಪರಂಪರೆಯೇ ತನ್ನ ಮಾನ್ಯ ಗ್ರಂಥವನ್ನು ಓದಿ, ಪ್ರಶ್ನಿಸಿ, ತಿದ್ದಿತೆಂಬುದಕ್ಕೆ ಈ ನಾಲ್ಕು ಶೂನ್ಯಸಂಪಾದನೆಗಳೇ ಸಾಕ್ಷಿ.

ದೀಕ್ಷೆ ನಮ್ಮ ಧರ್ಮದ ತಳಹದಿ. ಆದಕಾರಣ ಈ ಪಾಠಭೇದವನ್ನು ವಿದ್ಯಾರ್ಥಿಗಳ ಮುಂದಿಡಲು ಅಧ್ಯಾಪಕರು ಅಂಜುವುದುಂಟು. ಅಂಜಿಕೆಗೆ ಕಾರಣವಿಲ್ಲ. ಎರಡೂ ಪಾಠಗಳನ್ನು ಎದುರಿಗಿಟ್ಟು ಕೇಳಬೇಕು: ಮೊದಲ ಸಂಕಲನಕಾರರು ಈ ಪ್ರಸಂಗವಿಲ್ಲದೆಯೇ ಸಿದ್ಧರಾಮರ ಪೂರ್ಣತೆಯನ್ನು ಹೇಗೆ ಕಂಡರು? ಹಲಗೆಯಾರ್ಯರು ಕಂಡ ಕೊರತೆ ಯಾವುದು? ಈ ವಚನ ಈ ಪ್ರಶ್ನೆಗೇ ಹುಟ್ಟಿದ ಉತ್ತರವೋ, ಶರಣರ ಕಾಲದ ಸುಮಾರು ಮೂರು ಶತಮಾನಗಳ ಬಳಿಕ ಸಂಕಲನಕಾರರು ಇಲ್ಲಿ ಜೋಡಿಸಿದ್ದೋ? ಒಬ್ಬ ವಿದ್ಯಾರ್ಥಿ ಮಹಾದೇವಯ್ಯನವರ ಪಕ್ಷ ಹಿಡಿಯಲಿ, ಇನ್ನೊಬ್ಬ ಹಲಗೆಯಾರ್ಯರದು. ಗುರು ತನ್ನ ನಿರ್ಣಯವನ್ನು ಕಡೆಯವರೆಗೆ ತಡೆದಿರಲಿ. ಹೀಗೆ ವಾದಿಸಿದ ವಿದ್ಯಾರ್ಥಿಗೆ ದೀಕ್ಷೆಯ ಅರ್ಥ ಉರುಹೊಡೆದವನಿಗಿಂತ ಚೆನ್ನಾಗಿ ತಿಳಿದೀತು.

ಪ್ರಶ್ನೆಗೂ ಶಿಸ್ತು ಬೇಕು. ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾಗಿ ವಿಂಗಡಿಸಿದೆ. ಸತ್ಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನ ಪಕ್ಷವನ್ನು ಸ್ಥಾಪಿಸದೆ ಬರಿದೆ ಖಂಡಿಸುವುದು ವಿತಂಡ. ಇಂದಿನ ಚರ್ಚಾಸ್ಪರ್ಧೆಗಳು ಹೆಚ್ಚಾಗಿ ಜಲ್ಪವನ್ನು ಕಲಿಸುತ್ತವೆ. ವಾದವನ್ನು ಕಲಿಸುವ ಹೊಣೆ ಗುರುವಿನದು. ಎದುರಾಳಿಯ ಮಾತು ದಿಟವಾದರೆ ಒಪ್ಪುವ ಎದೆಗಾರಿಕೆ ಅದರ ಮೊದಲ ಪಾಠ.

ನಮ್ಮ ಮಠಗಳಲ್ಲಿ ಓದಿ ಹೋದವರು ಇಂದು ಅನೇಕ ಶಾಲೆ ಕಾಲೇಜುಗಳಲ್ಲಿ ಅಧ್ಯಾಪಕರಾಗಿದ್ದಾರೆ. ತಮ್ಮ ತರಗತಿಯಲ್ಲಿ ಪ್ರಶ್ನೆ ಕೇಳುವ ಹುಡುಗನನ್ನು ಅವರು ಕುಳ್ಳಿರಿಸದಿರಲಿ. ಶೂನ್ಯಸಂಪಾದನೆ ಬೆಳೆದದ್ದು ಅಂಥ ಓದುಗರಿಂದ.