ತೀರ್ಪು ಬಂದ ದಿನದ ಚಪ್ಪಾಳೆ

2025ರ ನವೆಂಬರ್ 11ರಂದು ಸುಪ್ರೀಂ ಕೋರ್ಟು ನಿಠಾರಿ ಮಕ್ಕಳ ಕೊಲೆ ಪ್ರಕರಣದಲ್ಲಿ ಉಳಿದಿದ್ದ ಕೊನೆಯ ಶಿಕ್ಷೆಯನ್ನೂ ರದ್ದು ಮಾಡಿ, ಒಬ್ಬ ಮನೆಯಾಳನ್ನು ಬಿಡುಗಡೆ ಮಾಡಿತು. ಮಾರನೆಯ ದಿನ ಆ ಸುದ್ದಿಯನ್ನು ನಮ್ಮವ್ವನಿಗೆ ಓದಿ ಹೇಳಿದೆ. ಅವಳಿಗೆ ಅಕ್ಷರ ಬರುವುದಿಲ್ಲ. ಪೇಪರು ಓದಿ ಹೇಳುವುದು ನನ್ನ ಕೆಲಸ. ಆಳು ಮನುಷ್ಯ ಹತ್ತಿರ ಹತ್ತಿರ ಹತ್ತೊಂಬತ್ತು ವರ್ಷ ಜೈಲಲ್ಲಿದ್ದ ಅಂದಾಗ 'ಅಯ್ಯೋ' ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮತ್ತೆ ಆ ಮಕ್ಳನ್ನ ಕೊಂದೋರು ಯಾರ್ಲಾ?"

ಈ ಪ್ರಶ್ನೆಗೆ ಇವತ್ತಿಗೂ ಯಾವ ಕೋರ್ಟಿನ ಕಾಗದದಲ್ಲೂ ಉತ್ತರವಿಲ್ಲ. ಆದರೆ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ಅಕ್ಷರ ಬಾರದ ನಮ್ಮವ್ವನಿಗೆ ಕೂಡಲೇ ಹೊಳೆದ ಈ ಪ್ರಶ್ನೆ, 2009ರ ಫೆಬ್ರವರಿಯಲ್ಲಿ ಮೊದಲ ತೀರ್ಪು ಬಂದ ದಿನ ಅಕ್ಷರ ಕಲಿತವರಿಗೆ ಯಾಕೆ ಹೊಳೆಯಲಿಲ್ಲ? ಆ ದಿನ ಉತ್ತರ ಸಿಕ್ಕಿಬಿಟ್ಟಿತೆಂದು ದೇಶವೇ ನಂಬಿತಲ್ಲ, ಆ ನಂಬಿಕೆ ಎಲ್ಲಿಂದ ಬಂತು?

ನಾವು ಕವಿತೆ ಕತೆಗಳನ್ನು ವಿಮರ್ಶೆ ಮಾಡುತ್ತೇವೆ. ಜನರ ಕೂಗನ್ನೂ ಹಾಗೆಯೇ ವಿಮರ್ಶೆ ಮಾಡಬೇಕು. ಅದಕ್ಕೂ ಭಾಷೆ ಇದೆ, ಪ್ರತಿಮೆಗಳಿವೆ, ಅದರ ಹಿಂದೆ ಒಂದು ವರ್ಗದ ದೃಷ್ಟಿ ಇದೆ.

ನಿಠಾರಿ ಉತ್ತರ ಪ್ರದೇಶದ ನೊಯ್ಡಾ ನಗರ ನುಂಗಿಹಾಕಿದ ಒಂದು ಹಳ್ಳಿ. ಪಕ್ಕದಲ್ಲೇ ಸೆಕ್ಟರ್ 31ರ ಬಂಗಲೆಗಳು. ಹಳ್ಳಿಯ ಇಕ್ಕಟ್ಟಿನ ಬಾಡಿಗೆ ಕೋಣೆಗಳಲ್ಲಿ ಬಂಗಾಳ, ಬಿಹಾರಗಳಿಂದ ಹೊಟ್ಟೆಪಾಡಿಗೆ ಬಂದವರು. ಗಂಡಸರು ರಿಕ್ಷಾ ತುಳಿಯುವವರು, ಇಸ್ತ್ರಿ ಮಾಡುವವರು, ಕೂಲಿಯವರು. ಹೆಂಗಸರು ಬಂಗಲೆಗಳಲ್ಲಿ ಮುಸುರೆ ತಿಕ್ಕುವವರು. 2005 ಮತ್ತು 2006ರಲ್ಲಿ ಇವರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದರು. ತಂದೆತಾಯಿಗಳು ಪೊಲೀಸರ ಬಳಿ ಹೋದರು. ದೂರು ಬರೆದುಕೊಳ್ಳಲಿಲ್ಲ. ನಿನ್ನ ಮಗಳು ಯಾವನ ಜೊತೆಗೋ ಓಡಿಹೋಗಿರಬೇಕು, ಹೋಗಿ ಹುಡುಕ್ಕೋ ಅಂದರು. ಮೀಸೆ ಮೂಡದ ಗಂಡುಮಕ್ಕಳೂ ಕಾಣೆಯಾದರು. ಅವರೂ ಯಾರ ಜೊತೆಗೆ ಓಡಿಹೋದರೋ!

ಅದೇ ನೊಯ್ಡಾದಲ್ಲಿ 2006ರ ನವೆಂಬರಿನಲ್ಲಿ ದೊಡ್ಡ ಕಂಪನಿಯೊಂದರ ಅಧಿಕಾರಿಯ ಪುಟ್ಟ ಮಗು ಅಪಹರಣವಾಯಿತು. ಇಡೀ ಪೊಲೀಸ್ ಇಲಾಖೆ ಎದ್ದು ಕೂತಿತು. ಕೆಲವೇ ದಿನಗಳಲ್ಲಿ ಮಗು ಮನೆ ಸೇರಿತು. ಆ ಮಗು ಬದುಕಿ ಬಂದದ್ದು ಸಂತೋಷವೇ. ಯಾವ ತಾಯಿಗೂ ಆ ನೋವು ಬೇಡ. ಆದರೆ ಪೊಲೀಸರಿಗೆ ಮಗುವನ್ನು ಹುಡುಕುವುದು ಬರುತ್ತದೆ ಎಂಬುದು ಅಲ್ಲಿಗೆ ಸಾಬೀತಾಯಿತಲ್ಲ? ನಿಠಾರಿಯ ಮಕ್ಕಳ ವಿಷಯದಲ್ಲಿ ಅವರಿಗೆ ಇಲ್ಲದ್ದು ಶಕ್ತಿಯಲ್ಲ, ಮನಸ್ಸು.

2006ರ ಡಿಸೆಂಬರ್ ಕೊನೆಯಲ್ಲಿ ಬಂಗಲೆಯೊಂದರ ಹಿಂದಿನ ಮೋರಿಯಲ್ಲಿ ಮೂಳೆಗಳು ಸಿಕ್ಕವು. ಮೊದಲು ಕೆದಕಿದವರು ಪೊಲೀಸರಲ್ಲ, ಆ ಊರಿನವರೇ. ಮನೆಯ ಮಾಲೀಕನನ್ನೂ ಅವನ ಆಳನ್ನೂ ಬಂಧಿಸಿದರು. ಆಳು ಅಲ್ಮೋರಾದ ಬೆಟ್ಟದ ಕಡೆಯಿಂದ ದುಡಿಯಲು ಬಂದವನು. ಕೋರ್ಟು ಬಿಟ್ಟಿರುವ ಮನುಷ್ಯರು, ಹೆಸರು ಇಲ್ಲಿ ಬೇಡ. 2007ರ ಜನವರಿಯಲ್ಲಿ ಘಾಜಿಯಾಬಾದಿನ ಕೋರ್ಟಿನ ಆವರಣದಲ್ಲೇ ಅವರಿಬ್ಬರಿಗೂ ಹೊಡೆದರು. ಹೊಡೆದವರಲ್ಲಿ ವಕೀಲರೂ ಇದ್ದರು, ಅಂದರೆ ಕಾನೂನು ಓದಿದವರು! ಅಂದರೆ ತೀರ್ಪು ಕೋರ್ಟಿನ ಒಳಗೆ ಬರುವುದಕ್ಕೆ ಎರಡು ವರ್ಷ ಮೊದಲೇ ಅಂಗಳದಲ್ಲಿ ಬಂದಾಗಿತ್ತು.

2009ರ ಫೆಬ್ರವರಿಯಲ್ಲಿ ವಿಶೇಷ ಕೋರ್ಟು 14 ವರ್ಷದ ಹುಡುಗಿಯೊಬ್ಬಳ ಕೊಲೆಯಲ್ಲಿ ಇಬ್ಬರಿಗೂ ಮರಣದಂಡನೆ ಕೊಟ್ಟಿತು. ನ್ಯಾಯ ಸಿಕ್ಕಿತು ಅಂತ ಟಿವಿಗಳು ಕೂಗಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟು ಆ ಪ್ರಕರಣದಲ್ಲಿ ಮಾಲೀಕನನ್ನು ಬಿಟ್ಟು ಆಳಿನ ಶಿಕ್ಷೆಯನ್ನು ಎತ್ತಿಹಿಡಿಯಿತು. 2011ರಲ್ಲಿ ಸುಪ್ರೀಂ ಕೋರ್ಟೂ ಸರಿ ಅಂದಿತು. 2014ರ ಸೆಪ್ಟೆಂಬರಿನಲ್ಲಿ ಮೀರತ್ ಜೈಲಿನಲ್ಲಿ ನೇಣಿಗೆ ಸಿದ್ಧತೆ ನಡೆದಿತ್ತು. ನಡುರಾತ್ರಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿದ್ದರಿಂದ ಜೀವ ಉಳಿಯಿತು. ಆಮೇಲೆ, ದಯಾಭಿಕ್ಷೆ ಅರ್ಜಿ ತೀರ್ಮಾನಿಸಲು ತಡಮಾಡಿದ ಕಾರಣಕ್ಕೆ 2015ರಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು.

ಈ ವರ್ಷಗಳುದ್ದಕ್ಕೂ ಚಲಾವಣೆಯಲ್ಲಿದ್ದ ಪದಗಳು ಯಾವುವು? ರಾಕ್ಷಸ. ನರಭಕ್ಷಕ. ಪಿಶಾಚಿ. 'ಭಯಾನಕ ಮನೆ'. ಈ ಪದಗಳ ಮುಂದೆ ನಾನು ನಿಲ್ಲಬೇಕಾಯಿತು. ರಾಕ್ಷಸ ಎಂಬ ಮಾತನ್ನು ಈ ನಾಡಿನಲ್ಲಿ ಯಾರು ಯಾರಿಗೆ ಬಳಸುತ್ತಾ ಬಂದರು ಎಂಬುದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಾಡಿನವನು, ಕಪ್ಪಗಿರುವವನು, ಯಜ್ಞಕ್ಕೆ ಬಗ್ಗದವನು ರಾಕ್ಷಸ. ರಾಕ್ಷಸನಿಗೆ ವಿಚಾರಣೆ ಇಲ್ಲ, ವಧೆ ಮಾತ್ರ. ಅವನು ಸತ್ತ ದಿನ ಹಬ್ಬ. ಪುರಾಣವನ್ನು ಪ್ರಶ್ನೆ ಮಾಡಿ ಬೆಳೆದ ನಾವು, ಅದೇ ಪುರಾಣ ಟಿವಿಯಲ್ಲಿ ಬಂದರೆ ಕೈಮುಗಿದು ಕೂರುತ್ತೇವೆ.

ರಾಕ್ಷಸ ಎಂಬ ಪದದಿಂದ ಆಗುವ ದೊಡ್ಡ ಉಪಕಾರ ಏನು ಅಂದ್ರೆ, ಉಳಿದವರೆಲ್ಲ ಮನುಷ್ಯರಾಗಿಬಿಡುತ್ತಾರೆ. ದೂರು ಬರೆದುಕೊಳ್ಳದ ಪೊಲೀಸ್ ಮನುಷ್ಯ. ಮುಸುರೆ ತಿಕ್ಕುವವಳ ಮಗಳು ಎಲ್ಲಿ ಹೋದಳೆಂದು ಒಂದು ಮಾತು ಕೇಳದ ಬಂಗಲೆ ಮನುಷ್ಯ. ಬಡವರ ಮಕ್ಕಳನ್ನು ಲೆಕ್ಕಕ್ಕಿಡದ ಸರ್ಕಾರ ಮನುಷ್ಯ. ಎಲ್ಲರ ಪಾಪವೂ ಒಬ್ಬನ ಕೊರಳಿಗೆ. ಊರಿನ ಮಾರಿಯನ್ನು ಗಡಿ ದಾಟಿಸಿ ಬರುತ್ತಾರಲ್ಲ, ಹಾಗೆ. ಆಗ ಕೆಲವು ಪೊಲೀಸರ ವಜಾ, ಅಮಾನತು ಆದದ್ದು ನಿಜ. ಆದರೆ ಚಪ್ಪಾಳೆಯ ಸದ್ದಿನಲ್ಲಿ ಆ ವಿಷಯ ಒಂದು ಅಡಿಟಿಪ್ಪಣಿ ಮಾತ್ರ ಆಯಿತು.

ಇದು ನನ್ನೊಬ್ಬನ ಅತಿರೇಕದ ಮಾತಲ್ಲ. 2023ರ ಅಕ್ಟೋಬರ್ 16ರಂದು ಅಲಹಾಬಾದ್ ಹೈಕೋರ್ಟು ಆಳನ್ನು 12 ಪ್ರಕರಣಗಳಲ್ಲಿ, ಮಾಲೀಕನನ್ನು 2 ಪ್ರಕರಣಗಳಲ್ಲಿ ಬಿಡುಗಡೆ ಮಾಡಿ ಹೇಳಿದ್ದೂ ಇದನ್ನೇ: ಬಡ ಮನೆಯಾಳನ್ನು ರಾಕ್ಷಸನನ್ನಾಗಿ ಮಾಡಿ ಸಿಕ್ಕಿಸುವ ಸುಲಭದ ದಾರಿಯನ್ನು ತನಿಖೆ ಹಿಡಿಯಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ನೇಮಿಸಿದ ಸಮಿತಿ ಅಂಗಾಂಗ ವ್ಯಾಪಾರದ ಕೋನವನ್ನೂ ನೋಡಿ ಎಂದು ಶಿಫಾರಸು ಮಾಡಿತ್ತು. ಅದನ್ನು ಸರಿಯಾಗಿ ನೋಡಲೇ ಇಲ್ಲ ಎಂದು ಕೋರ್ಟು ಛೀಮಾರಿ ಹಾಕಿತು. ಜನ ಇಟ್ಟ ನಂಬಿಕೆಗೆ ಇದು ದ್ರೋಹ ಎಂದಿತು.

ಹಾಗಾದರೆ ಶಿಕ್ಷೆ ಯಾವುದರ ಮೇಲೆ ನಿಂತಿತ್ತು? ಮುಖ್ಯವಾಗಿ ಒಂದು ತಪ್ಪೊಪ್ಪಿಗೆಯ ಮೇಲೆ. ಸುಮಾರು 60 ದಿನ ಪೊಲೀಸರ ವಶದಲ್ಲಿಟ್ಟುಕೊಂಡು, ಸರಿಯಾದ ಕಾನೂನು ನೆರವೂ ಇಲ್ಲದೆ ಪಡೆದ ತಪ್ಪೊಪ್ಪಿಗೆ ಅದು. ಹೀಗೆ ಹೇಳು ಅಂತ ಕಲಿಸಿದ್ದಾರೆ, ಹಿಂಸೆ ಕೊಟ್ಟಿದ್ದಾರೆ ಎಂಬ ಮಾತು ಆ ಹೇಳಿಕೆಯ ಒಳಗೇ ಇತ್ತು. ಅವನು ತೋರಿಸಿಕೊಟ್ಟ ಅಂತ ಹೇಳಿದ ಮೂಳೆಗಳು ಮೊದಲೇ ಜನರಿಗೆ ಗೊತ್ತಿದ್ದ ಮೋರಿಯಲ್ಲಿದ್ದವು. ಅಷ್ಟೊಂದು ಮಕ್ಕಳನ್ನು ಕತ್ತರಿಸಿದ ಎನ್ನಲಾದ ಮನೆಯೊಳಗೆ ಅದಕ್ಕೆ ತಕ್ಕ ರಕ್ತದ ಗುರುತು ಸಿಗಲಿಲ್ಲ. 2025ರ ಜುಲೈ 30ರಂದು ಸುಪ್ರೀಂ ಕೋರ್ಟು ಈ ಬಿಡುಗಡೆಯನ್ನು ಒಪ್ಪಿತು. ನವೆಂಬರಿನಲ್ಲಿ, ಅದೇ ಸಾಕ್ಷ್ಯದ ಮೇಲೆ 12ರಲ್ಲಿ ಬಿಡುಗಡೆ, ಒಂದರಲ್ಲಿ ಶಿಕ್ಷೆ ಇರಲಾಗದು ಎಂದು ಉಳಿದ ಒಂದನ್ನೂ ತೆಗೆದುಹಾಕಿತು. ನಿಜವಾಗಿ ಕೊಂದವರು ಯಾರೆಂದು ಗೊತ್ತಾಗದೇ ಹೋದದ್ದಕ್ಕೆ ವಿಷಾದಪಟ್ಟಿತು.

ಗಮನಿಸಿ: ಈ ದೋಷಗಳು 2023ರಲ್ಲಿ ಹೊಸದಾಗಿ ಹುಟ್ಟಿದವಲ್ಲ. ಆ ತಪ್ಪೊಪ್ಪಿಗೆ 2007ರದು. 2009ರಲ್ಲೂ ಕಡತದಲ್ಲಿತ್ತು. ಆದರೆ ಓದುವ ವ್ಯವಧಾನ ಯಾರಿಗಿತ್ತು? ಮೀರತ್ತಿನಲ್ಲಿ ಆ ಹಗ್ಗ ಎಳೆದಿದ್ದರೆ ಈ ಕಡತವನ್ನು ಯಾರೂ ಮತ್ತೆ ಬಿಚ್ಚುತ್ತಿರಲಿಲ್ಲ. ಆಳೂ ಸತ್ತ, ಪ್ರಶ್ನೆಯೂ ಸತ್ತಿತು.

ಈಗ ನನ್ನದೇ ಕವಿತೆಯೊಂದನ್ನು ಇಲ್ಲಿ ಬಿಚ್ಚಬೇಕು. ಇಲ್ಲದಿದ್ದರೆ ಈ ವಿಮರ್ಶೆ ಬೇರೆಯವರಿಗೆ ಮಾತ್ರ ಹೇಳಿದ ಬುದ್ಧಿಮಾತಾಗುತ್ತದೆ. 2018ರ ಜನವರಿಯಲ್ಲಿ ಜಮ್ಮುವಿನ ಕಠುವಾದಲ್ಲಿ ಕುದುರೆ ಮೇಯಿಸಲು ಹೋದ 8 ವರ್ಷದ ಬಕರ್ವಾಲ್ ಹುಡುಗಿಯನ್ನು ಅತ್ಯಾಚಾರ ಮಾಡಿ ಕೊಂದರು. 2019ರ ಜೂನ್ 10ರಂದು ಪಠಾಣ್‌ಕೋಟಿನ ಕೋರ್ಟು ಆರು ಜನರನ್ನು ಅಪರಾಧಿಗಳೆಂದಿತು. ಮೂವರಿಗೆ ಜೀವಾವಧಿ, ಸಾಕ್ಷ್ಯ ನಾಶ ಮಾಡಿದ ಮೂವರು ಪೊಲೀಸರಿಗೆ ಐದು ವರ್ಷ. ನಾನಾಗ ಕಾಲೇಜಿನಲ್ಲಿದ್ದೆ. ಜೀವಾವಧಿ ಸಾಲದು, ನೇಣು ಬೇಕು ಅಂತ ಒಂದು ಪದ್ಯ ಬರೆದು ಕವಿಗೋಷ್ಠಿಯಲ್ಲಿ ಓದಿದೆ. ಭಾರೀ ಚಪ್ಪಾಳೆ. ನನ್ನ ಹೆಸರು ಕೂಗಿದರು.

ಇವತ್ತು ಆ ಪದ್ಯ ಓದಿದರೆ ನಾಚಿಕೆಯಾಗುತ್ತದೆ. ಅದರಲ್ಲಿ ಹಗ್ಗ ಇದೆ, ಬೆಂಕಿ ಇದೆ, 'ಹೆಣ್ಣೇ ಕಾಳಿಯಾಗು' ಇದೆ. ಕುದುರೆ ಇಲ್ಲ. ಹುಲ್ಲುಗಾವಲಿಲ್ಲ. ಅಲೆಮಾರಿಗಳನ್ನು ಹೆದರಿಸಿ ಆ ಜಾಗದಿಂದ ಓಡಿಸುವುದಕ್ಕೆ ಈ ಕೃತ್ಯ ನಡೆಯಿತು ಎಂದು ಚಾರ್ಜ್‌ಶೀಟಿನಲ್ಲೇ ಇತ್ತು. ನೆಲದ ಆ ಜಗಳ ನನ್ನ ಪದ್ಯದಲ್ಲಿ ಇಲ್ಲವೇ ಇಲ್ಲ. ಕೂಸಿನ ಜಾತಿ ಕುಲ ಬದುಕು ಎಲ್ಲವನ್ನೂ ಅಳಿಸಿ 'ಹೂವು' ಅಂತ ಬರೆದಿದ್ದೆ. ಹೂವು ಅಂದರೆ ಎಲ್ಲರಿಗೂ ಅಳು ಬರುತ್ತದೆ, ಯಾರಿಗೂ ನೋವಾಗುವುದಿಲ್ಲ. ಚಪ್ಪಾಳೆ ಬಂದದ್ದು ಅದಕ್ಕೇ.

ಕಠುವಾದ ಇನ್ನೊಂದು ಪಾಠವನ್ನೂ ನೆನೆಯಬೇಕು. ಅಲ್ಲಿ ಆರೋಪಿಗಳ ಪರವಾಗಿಯೇ ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ನಡೆಯಿತು. ಚಾರ್ಜ್‌ಶೀಟು ಹಾಕಲು ಬಂದ ಪೊಲೀಸರಿಗೆ ವಕೀಲರು ಅಡ್ಡ ನಿಂತರು. ಅದಕ್ಕೇ ವಿಚಾರಣೆ ಬೇರೆ ರಾಜ್ಯಕ್ಕೆ ಹೋಗಬೇಕಾಯಿತು. ಘಾಜಿಯಾಬಾದಿನಲ್ಲಿ ವಕೀಲರು ಆರೋಪಿಗೆ ಹೊಡೆದರು, ಕಠುವಾದಲ್ಲಿ ಆರೋಪಿಯನ್ನು ಕಾಯಲು ನಿಂತರು. ಆರೋಪಿ ನಮ್ಮವನಾದರೆ ಸಾಕ್ಷ್ಯ ಎಲ್ಲಿ ಅಂತೀವಿ, ಯಾರಿಗೂ ಸೇರದ ಆಳಾದರೆ ಹಗ್ಗ ಎಲ್ಲಿ ಅಂತೀವಿ. ಎರಡೂ ಕಡೆ ಸತ್ತ ಮಗುವಿನ ಬಗ್ಗೆ ಯೋಚನೆ ಇಲ್ಲ. ಆದರೂ ಕಠುವಾದಲ್ಲಿ ಶಿಕ್ಷೆಯಾದದ್ದು ಕೂಗಿನಿಂದ ಅಲ್ಲ. ಗುಂಪಿನ ಎದುರು ನಿಂತು ಕೆಲವರು ತನಿಖೆ ಮಾಡಿದ್ದರಿಂದ, ಕೆಲವರು ಬೆದರಿಕೆಗೆ ಬಗ್ಗದೆ ವಾದಿಸಿದ್ದರಿಂದ.

ಇಷ್ಟು ಹೇಳಿದರೆ ಕೆಲವು ಗೆಳೆಯರು ಕೇಳುತ್ತಾರೆ: ಹಾಗಾದ್ರೆ ನೀನು ಕೊಲೆಗಾರರ ಪರಾನಾ? ಮಗು ಕಳಕೊಂಡವರ ಸಿಟ್ಟಿಗೆ ಬೆಲೆ ಇಲ್ವಾ?

ಇದೆ. ಮಗುವನ್ನು ಕಳಕೊಂಡ ತಾಯಿ ನೇಣು ಹಾಕಿ ಅಂದರೆ ಅದನ್ನು ವಿಮರ್ಶೆ ಮಾಡುವ ಯೋಗ್ಯತೆ ನನಗಿಲ್ಲ. ನಾನು ಕೇಳುತ್ತಿರುವುದು ಉಳಿದವರನ್ನು. ಆ ತಾಯಿ ಪೊಲೀಸರ ಮುಂದೆ ಒಬ್ಬಳೇ ನಿಂತಿದ್ದಾಗ ನಮಗೆ ಸಿಟ್ಟು ಬರಲಿಲ್ಲ; ಕೊರಳು ತೋರಿಸಿದ ದಿನ ಬಂತು. ಬಿಡುಗಡೆಯ ತೀರ್ಪು ಬಂದಾಗ ನಿಠಾರಿಯ ತಂದೆತಾಯಿಗಳು ಕೇಳಿದ್ದೂ ನಮ್ಮವ್ವ ಕೇಳಿದ್ದನ್ನೇ. ಆಗ ಅವರ ಜೊತೆ ಆ ಹಳೆಯ ಚಪ್ಪಾಳೆಯವರು ಯಾರೂ ಇರಲಿಲ್ಲ. ತಪ್ಪು ಮನುಷ್ಯನಿಗೆ ಶಿಕ್ಷೆಯಾದರೆ ನಿಜವಾದ ಕೊಲೆಗಾರ ಹಾಯಾಗಿ ಇರುತ್ತಾನೆ. ಮಗು ಎರಡು ಸಲ ಸಾಯುತ್ತದೆ.

ನೇಣು ಬೇಕು ಎನ್ನುವ ನಮ್ಮವರಿಗೆ ಇನ್ನೊಂದು ಮಾತು. ಬಾಬಾಸಾಹೇಬರು 1949ರ ಜೂನ್‌ನಲ್ಲಿ ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ಮರಣದಂಡನೆಯನ್ನೇ ತೆಗೆದುಹಾಕುವುದಕ್ಕೆ ತಮ್ಮ ಒಲವು ಎಂದಿದ್ದರು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮರಣದಂಡನೆಗೆ ಗುರಿಯಾದವರಲ್ಲಿ ನೂರಕ್ಕೆ 74ರಷ್ಟು ಜನ ಬಡವರು. ಹಗ್ಗ ಯಾರ ಕೊರಳಿನ ಅಳತೆಗೆ ಹೊಸೆದದ್ದು ಎಂದು ಇನ್ನು ಬಿಡಿಸಿ ಹೇಳಬೇಕಾ?

ಹಾಗಾದರೆ ನಮ್ಮ ಕೂಗು ಎಲ್ಲಿ ಬೇಕು? ಪೊಲೀಸ್ ಠಾಣೆಯ ಮೇಜಿನ ಮುಂದೆ, ಮೊದಲ ದಿನ. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು, ಅಪಹರಣ ಇಲ್ಲವೇ ಸಾಗಾಣಿಕೆ ಎಂದೇ ಭಾವಿಸಿ ಹುಡುಕಬೇಕು ಎಂದು ಸುಪ್ರೀಂ ಕೋರ್ಟು 2013ರ ಮೇನಲ್ಲಿ ಹೇಳಿದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಇಂಥ ದೂರನ್ನು ನಮ್ಮ ಸರಹದ್ದಲ್ಲ ಅಂತ ವಾಪಸು ಕಳಿಸುವಂತಿಲ್ಲ. ಬರೆದುಕೊಂಡದ್ದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕಾನೂನು ಇದೆ ಎಂದ ಮಾತ್ರಕ್ಕೆ ಕೂಲಿಯವನ ದೂರು ತಾನಾಗಿ ಬರೆಯಲ್ಪಡುವುದಿಲ್ಲ. ಅವನ ಜೊತೆಗೆ ಓದು ಬರೆಹ ಬಲ್ಲ ಒಬ್ಬರು ಹೋಗಬೇಕು. ಹಳ್ಳಿಯ ಮೇಷ್ಟ್ರುಗಳು, ಮೇಡಂಗಳು ಇದನ್ನು ಓದುತ್ತಿದ್ದೀರಿ. ನಿಮ್ಮ ಹಾಜರಿ ಪುಸ್ತಕದಲ್ಲಿ ವಲಸೆ ಬಂದವರ ಮಗುವಿನ ಹೆಸರಿನ ಮುಂದೆ ಮೂರು ದಿನ ಗೈರು ಬಿದ್ದರೆ ನಾಲ್ಕನೇ ದಿನ ಅದರ ಜೋಪಡಿಗೆ ಹೋಗಿ. ಮಗು ಇಲ್ಲ ಅಂದರೆ ತಾಯಿಯ ಜೊತೆ ಠಾಣೆಗೆ ನಡೆಯಿರಿ. ಪ್ರತಿ ಕೈಗೆ ಬರುವ ತನಕ ಏಳಬೇಡಿ.

ಇದಕ್ಕೆ ಚಪ್ಪಾಳೆ ಸಿಗಲ್ಲ. ಟಿವಿಯವರು ಬರಲ್ಲ. ಇದರ ಮೇಲೆ ಪದ್ಯ ಬರೆಯುವುದೂ ಕಷ್ಟ; ನಾನು ಪ್ರಯತ್ನ ಮಾಡಿದೆ, ಇನ್ನೂ ಆಗಿಲ್ಲ. ಆದರೆ ನಿಠಾರಿಯಲ್ಲಿ ಮೊದಲ ಮಗು ಕಾಣೆಯಾದ ದಿನ ಹೀಗೆ ನಾಲ್ಕು ಜನ ಕೂತಿದ್ದಿದ್ದರೆ, ಎರಡನೆಯ ಮಗು ಉಳಿಯುತ್ತಿತ್ತೇನೋ.