ಸೇನೆಯ ಲಾರಿಗೆ ಹೊಸ ಹುರುಪು

1950ರ ದಶಕದಲ್ಲಿ ಅಮೆರಿಕದ ಸೇನೆ ಸೇರಿದ ಎಂ35 ಲಾರಿಯನ್ನು ಅಲ್ಲಿನ ಹವ್ಯಾಸಿಗಳು ಕಾಡುದಾರಿಗೆ ಒಗ್ಗಿಸುವ ಬಗೆ ನನಗೆ ಬಹಳ ಇಷ್ಟ. ಮೂರು ಆಕ್ಸಲ್‌ಗಳಲ್ಲಿ ಹಿಂದಿನ ಒಂದನ್ನು ತೆಗೆದು, ಚಾಸಿ ಕತ್ತರಿಸಿ ಗಿಡ್ಡ ಮಾಡುತ್ತಾರೆ. ಪ್ರೊಪೆಲ್ಲರ್ ಶಾಫ್ಟನ್ನು ಹೊಸ ಅಳತೆಗೆ ಹೊಂದಿಸುತ್ತಾರೆ. ಇಕ್ಕಟ್ಟಿನ ತಿರುವುಗಳಲ್ಲಿ ಲಾರಿ ಈಗ ಸಲೀಸಾಗಿ ತಿರುಗುತ್ತದೆ.

ಎಲ್ಲಕ್ಕಿಂತ ಜಾಣತನದ ಕೆಲಸ, ಹಿಂದಿನ ಮುಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನದು. ಸ್ಪ್ರ್ಯಾಗ್ ಕ್ಲಚ್ಚಿರುವ ಹಳೆಯ ಕೇಸಿನಲ್ಲಿ ಹಿಂದಿನ ಚಕ್ರಗಳು ಜಾರಿದ ಮೇಲಷ್ಟೇ ಮುಂದಿನವಕ್ಕೆ ಶಕ್ತಿ ಸಿಗುತ್ತದೆ. ಅದರ ಜಾಗದಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಕೇಸು ಕೂರಿಸಿದರೆ, ಕೆಸರಿಗೆ ಇಳಿಯುವ ಮೊದಲೇ ಚಾಲಕ ಮುಂದಿನ ಚಕ್ರಗಳನ್ನೂ ದುಡಿಮೆಗೆ ಹಚ್ಚಬಹುದು. 6.72:1 ಅನುಪಾತದ ಮೂಲ ಆಕ್ಸಲ್‌ಗಳನ್ನು ಮಾತ್ರ ಸಾಮಾನ್ಯವಾಗಿ ಹಾಗೇ ಉಳಿಸಿಕೊಳ್ಳುತ್ತಾರೆ. ಅವು ಅಷ್ಟು ಗಟ್ಟಿ. ಹಳೆಯದರ ಬಲವನ್ನು ಗುರುತಿಸಿ ಗೌರವಿಸುವ ಈ ಕಸುಬುದಾರಿಕೆಗೆ ನನ್ನ ಪೂರ್ಣ ಮೆಚ್ಚುಗೆ.